ಶ್ರೇಯಸ್ ಹೇಳಿದ ಮಾತು

ವಿಜಯಮ್ಮನ ಫೋನ್ ಬಂದಾಗ ಅಯ್ಯಣ್ಣ ದೆಹಲಿ ಹತ್ತಿರದ ಹಿಂಡನ್ ವಾಯುನೆಲೆಯ ಶೆಡ್ಡಿನಲ್ಲಿ ಉದ್ದನೆಯ ಮೇಜಿನ ಮುಂದೆ ನಿಂತು ಪ್ಯಾರಾಶೂಟ್ ಮಡಿಸುತ್ತಿದ್ದ. ಮಡಿಸುವಾಗ ಫೋನ್ ಎತ್ತುವಂತಿಲ್ಲ. ಅರ್ಧಕ್ಕೆ ಕೈಬಿಟ್ಟರೆ ಪೂರ್ತಿ ಬಿಚ್ಚಿ ಮತ್ತೆ ಮೊದಲಿನಿಂದ ಶುರುಮಾಡಬೇಕು. ಮೂರು ಸಲ ಹೊಡೆದುಕೊಂಡ ಫೋನನ್ನು ಹಾಗೇ ಬಿಟ್ಟು ಕೆಲಸ ಮುಗಿಸಿದ. ಆಮೇಲೆ ಹೊರಗೆ ಬೇವಿನ ಮರದಡಿ ನಿಂತು ತಾನೇ ಆ ನಂಬರಿಗೆ ಮಾಡಿದ.

"ನಾನು ಶ್ರೇಯಸ್ ತಾಯಿ," ಎಂದಳು ಆಕೆ. "ನೋಯ್ಡಾದಿಂದ."

"ಗೊತ್ತಾಯ್ತಮ್ಮ. ಹೇಳಿ."

"ಇವತ್ತು ನಮ್ಮನೆಯವರು ಸಂಜೆ ತನಕ ಇರಲ್ಲ. ನೀವೊಂದ್ಸಲ ಮನೆಗೆ ಬರ್ತೀರಾ? ಒಂದು ಮಾತು ಕೇಳೋದಿತ್ತು."

ಏನು ಕೇಳುತ್ತಾಳೆಂದು ಅಯ್ಯಣ್ಣನಿಗೆ ತಿಳಿದಿತ್ತು. ಮೂರು ತಿಂಗಳಿಂದ ಆ ಫೋನಿಗಾಗಿಯೇ ಹೆದರಿಕೊಂಡು ಕೂತಿದ್ದ. ಬರ್ತೀನಿ ಅಂದ.

ಅಯ್ಯಣ್ಣ ಗೋಣಿಕೊಪ್ಪಲಿನ ಕಡೆಯವನು, ವಾಯುಪಡೆಯಲ್ಲಿ ಸಾರ್ಜೆಂಟ್. ದಾರಿಯಿಲ್ಲದ ಜಾಗದಲ್ಲಿ ವಿಮಾನವೋ ಹೆಲಿಕಾಪ್ಟರೋ ಬಿದ್ದರೆ ಅಲ್ಲಿಗೆ ಆಕಾಶದಿಂದ ಹಾರುವುದು, ಬದುಕಿರುವವರನ್ನು ಹುಡುಕುವುದು, ಸಹಾಯ ಬರುವ ತನಕ ಅವರ ಉಸಿರು ನಿಲ್ಲದಂತೆ ನೋಡಿಕೊಳ್ಳುವುದು ಅವನ ಕೆಲಸ. ಹದಿಮೂರು ವರ್ಷ ಅದನ್ನೇ ಮಾಡಿದ್ದ. ಬೆನ್ನಿಗೆ ಪ್ಯಾರಾಶೂಟ್, ಮುಂದೆ ಮೂವತ್ತೈದು ಕೆ.ಜಿ.ಯ ಚೀಲ, ಅದರಲ್ಲಿ ಹಗ್ಗ, ಗರಗಸ, ಮುರಿದ ಕಾಲಿಗೆ ಕಟ್ಟುವ ಪಟ್ಟಿ, ರಕ್ತ ನಿಲ್ಲಿಸುವ ಪುಡಿ, ಸಲೈನ್ ಚೀಲಗಳು. ಅವನು ಹಾರಾಟಕ್ಕೆ ಹೊರಟ ದಿನ ಹೆಂಡತಿ ಮಾಚಮ್ಮ ಏನೂ ಕೇಳುತ್ತಿರಲಿಲ್ಲ. ಬಂದ ಮೇಲೂ ಕೇಳುತ್ತಿರಲಿಲ್ಲ. ಊಟ ಬಡಿಸುವಾಗ ಅವನ ಮುಖ ನೋಡಿದರೆ ಅವಳಿಗೆ ತಿಳಿಯುತ್ತಿತ್ತು.

ಮಾರ್ಚ್‌ನಲ್ಲಿ ಉತ್ತರದ ಹಿಮದ ಬೆಟ್ಟಗಳಲ್ಲಿ, ಹದಿನಾರು ಸಾವಿರ ಅಡಿ ಎತ್ತರದಲ್ಲಿ, ಒಂದು ಹೆಲಿಕಾಪ್ಟರ್ ಬಿತ್ತು. ಒಳಗೆ ಐವರಿದ್ದರು. ಕಣಿವೆ ತುಂಬ ಮೋಡವಿದ್ದುದರಿಂದ ಬೇರೆ ಹೆಲಿಕಾಪ್ಟರ್ ಹತ್ತಿರ ಹೋಗುವಂತಿರಲಿಲ್ಲ. ಮೇಲೆ ಮೋಡದ ನಡುವೆ ಒಂದು ಕಿಂಡಿ ತೆರೆದಾಗ ದೊಡ್ಡ ವಿಮಾನದ ಹಿಂಬಾಗಿಲಿನಿಂದ ಇಬ್ಬರು ಹಾರಿದರು: ಅಯ್ಯಣ್ಣ ಮತ್ತು ಗಢವಾಲದ ರಾವತ್. ಬೆಳಿಗ್ಗೆ ಏಳೂವರೆ. ಗಾಳಿ ರಾವತ್‌ನನ್ನು ಬಂಡೆಗಳ ಮೇಲೆ ಎಳೆದಾಡಿತು. ಅವನು ಉಳಿದ. ಅವನ ಚೀಲ ಹಗ್ಗ ಹರಿದುಕೊಂಡು ಮಂಜಿನ ಸೀಳಿನೊಳಗೆ ಬಿದ್ದುಹೋಯಿತು. ತಂದಿದ್ದ ಔಷಧಿಯಲ್ಲಿ ಅರ್ಧ ಅದರಲ್ಲಿತ್ತು. ಅಯ್ಯಣ್ಣನ ಚೀಲದಲ್ಲಿದ್ದ ಎರಡು ಸಲೈನ್‌ಗಳಲ್ಲಿ ಒಂದು ನೆಲಕ್ಕೆ ಬಡಿದ ಹೊಡೆತಕ್ಕೆ ಒಡೆದಿತ್ತು.

ಹೆಲಿಕಾಪ್ಟರಿನ ಮುರುಕಿನ ಕೆಳಗೆ ಫ್ಲೈಯಿಂಗ್ ಆಫೀಸರ್ ಶ್ರೇಯಸ್ ಸಿಕ್ಕಿಕೊಂಡಿದ್ದ. ವಯಸ್ಸು ಇಪ್ಪತ್ತೈದು. ಎರಡೂ ತೊಡೆಗಳ ಮೇಲೆ ಎಂಜಿನ್ ಕೂತಿತ್ತು. ಅದನ್ನು ಎತ್ತಲು ಇಬ್ಬರ ಕೈಯಲ್ಲಿ ಆಗುವಂತಿರಲಿಲ್ಲ. ಎಚ್ಚರವಿದ್ದ. ಅಯ್ಯಣ್ಣನ ಎದೆಯ ಮೇಲಿನ ಹೆಸರು ಓದಿ, "ಕೂರ್ಗ್‌ನವರಾ? ಕನ್ನಡ ಬರುತ್ತಾ?" ಎಂದು ಕೇಳಿದ. ಬರುತ್ತೆ ಸರ್ ಅಂದಾಗ, "ಸರ್ ಅನ್ನಬೇಡಿ ಅಣ್ಣಾ," ಅಂದ. ಆಮೇಲೆ ಅವನು ಆಡಿದ್ದೆಲ್ಲ ಕನ್ನಡದಲ್ಲೇ.

ಅಯ್ಯಣ್ಣ ಸಲೈನನ್ನು ತನ್ನ ಅಂಗಿಯೊಳಗಿಟ್ಟು ಬೆಚ್ಚಗೆ ಮಾಡಿ, ಅವನ ತೋಳಿಗೆ ಸೂಜಿ ಚುಚ್ಚಿ ಏರಿಸತೊಡಗಿದ. ಶ್ರೇಯಸ್‌ನ ತುಟಿಗೆ ಸ್ವಲ್ಪ ಬಣ್ಣ ಬಂತು. ನೋಯ್ಡಾದ ಮನೆ, ತಂಗಿ ಅನನ್ಯಾಳ ಪರೀಕ್ಷೆ, ಅಮ್ಮ ಮಾಡುವ ಮೆಣಸಿನಕಾಯಿ ಮಂಡಕ್ಕಿ ಅಂತ ಏನೇನೋ ಮಾತಾಡಿದ. ಹನ್ನೊಂದು ಗಂಟೆಗೆ ರಾವತ್ ಇಳಿಜಾರಿನ ಕೆಳಗಿನಿಂದ ಇನ್ನೊಬ್ಬನನ್ನು ಎಳೆದುಕೊಂಡು ಬಂದ. ಬಿಷ್ಟ್ ಎಂಬ ಸಿಬ್ಬಂದಿ. ಹೆಲಿಕಾಪ್ಟರಿನಿಂದ ದೂರಕ್ಕೆ ಎಸೆಯಲ್ಪಟ್ಟಿದ್ದ. ತೊಡೆಯಿಂದ ತುಂಬ ರಕ್ತ ಹೋಗಿತ್ತು. ಪಟ್ಟಿ ಬಿಗಿದು ರಕ್ತ ನಿಲ್ಲಿಸಿದರೂ ನಾಡಿ ಕೈಗೆ ಸಿಗುತ್ತಿರಲಿಲ್ಲ. ಉಳಿದ ಮೂವರು ಆಗಲೇ ಸತ್ತಿದ್ದರು.

ಅಯ್ಯಣ್ಣ ರೇಡಿಯೋದಲ್ಲಿ ಕೇಳಿದ. ನಾಳೆ ಬೆಳಿಗ್ಗೆಯವರೆಗೆ ಹೆಲಿಕಾಪ್ಟರ್ ಇಲ್ಲ ಎಂಬ ಉತ್ತರ ಬಂತು.

ಸಲೈನ್ ಇದ್ದದ್ದು ಒಂದೇ, ಅದೂ ಅರ್ಧ. ಕಲಿಸಿದ್ದ ನಿಯಮ ಸ್ಪಷ್ಟವಾಗಿತ್ತು. ಬದುಕುವ ಸಾಧ್ಯತೆ ಯಾರಿಗೆ ಹೆಚ್ಚೋ ಅವರಿಗೆ ಕೊಡಬೇಕು. ನಾಳೆ ಬೆಳಿಗ್ಗೆಯವರೆಗೆ ಎಂಜಿನ್ ಅಡಿಯಲ್ಲಿ ಇದ್ದವನು ಬದುಕುವುದಿಲ್ಲ. ಬಿಷ್ಟ್ ಬದುಕಬಹುದು. ಅಯ್ಯಣ್ಣ ಮಂಡಿಯೂರಿ ಶ್ರೇಯಸ್‌ನ ತೋಳಿನಿಂದ ಸೂಜಿ ತೆಗೆಯಲು ಕೈಹಾಕಿದ.

ಶ್ರೇಯಸ್‌ಗೆ ಅರ್ಥವಾಯಿತು. "ಅಣ್ಣಾ, ತೆಗೀಬೇಡಿ," ಅಂದ. "ನಾನು ಮಾತಾಡ್ತಾ ಇದೀನಲ್ಲ. ನಾನು ಚೆನ್ನಾಗೇ ಇದೀನಿ. ತೆಗೀಬೇಡಿ ಅಣ್ಣಾ." ಇನ್ನೊಂದು ಕೈಯಿಂದ ಕೊಳವೆಯನ್ನು ಹಿಡಿದುಕೊಂಡ. ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.

ಅವನು ಸತ್ತಾಗ ಹನ್ನೆರಡೂ ಮುಕ್ಕಾಲು. ಆ ಹೊತ್ತಿಗೆ ಮಾತು ನಿಂತು ಬಹಳ ಹೊತ್ತಾಗಿತ್ತು. ಒಂದೂವರೆಗೆ ಯಾರೂ ಎಣಿಸದಂತೆ ಮೋಡ ಸರಿಯಿತು. ಕಬ್ಬಿಣ ಕತ್ತರಿಸುವ ಯಂತ್ರ ಮತ್ತು ಒಬ್ಬ ಡಾಕ್ಟರನ್ನು ಹೊತ್ತು ಹೆಲಿಕಾಪ್ಟರ್ ಬಂದಿಳಿಯಿತು.

ಕೆಳಗೆ ಬಂದ ಮೇಲೆ ಹಿರಿಯ ಅಧಿಕಾರಿ ಕೇಳಿದರು: "ರಾವತ್ ಹೇಳ್ತಿದ್ದಾನೆ, ಶ್ರೇಯಸ್ ನಿನ್ನ ಜೊತೆ ಏನೋ ಮಾತಾಡಿದರಂತೆ. ಏನಂದರು?" ರಾವತ್‌ಗೆ ಕನ್ನಡ ಬರುತ್ತಿರಲಿಲ್ಲ. ಆ ಮಾತು ಗೊತ್ತಿದ್ದವನು ಭೂಮಿಯ ಮೇಲೆ ಅಯ್ಯಣ್ಣ ಒಬ್ಬನೇ. ಅವನು ಹಿಂದಿನ ರಾತ್ರಿಯಿಂದ ಕಣ್ಣು ಮುಚ್ಚಿರಲಿಲ್ಲ. "ಅವನಿಗೆ ಮೊದಲು ಕೊಡಿ ಅಂದರು ಸರ್," ಎಂದುಬಿಟ್ಟ. ಸತ್ತವನ ಮಾನ ಉಳಿಯಲಿ, ಹೆತ್ತವರಿಗೆ ಒಂದು ಸಮಾಧಾನವಿರಲಿ ಎಂದಷ್ಟೇ ಆಗ ಅವನ ಮನಸ್ಸಿನಲ್ಲಿದ್ದದ್ದು. ಆ ಮಾತು ವರದಿಗೆ ಹೋಯಿತು. ವರದಿಯಿಂದ ಪತ್ರಿಕೆಗೆ, ಪತ್ರಿಕೆಯಿಂದ ಎಲ್ಲರ ಬಾಯಿಗೆ. ಕೇಂದ್ರ ಸರ್ಕಾರದ ಕಚೇರಿಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾಗಿದ್ದ ತಂದೆ ಶಂಕರಪ್ಪ ಆ ಪತ್ರಿಕೆಯ ತುಣುಕನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಓಡಾಡಿದರು. ಬಿಷ್ಟ್ ಹನ್ನೊಂದನೆಯ ದಿನ ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡ. ಅದು ಪತ್ರಿಕೆಯಲ್ಲಿ ಬರಲಿಲ್ಲ.

ನೋಯ್ಡಾದ ಆ ಅಪಾರ್ಟ್‌ಮೆಂಟಿನ ಒಂಬತ್ತನೆಯ ಮಹಡಿಯಲ್ಲಿ ಬಾಗಿಲು ತೆರೆದವಳು ಅನನ್ಯಾ. "ಅಮ್ಮಾ, ವೋ ಏರ್ ಫೋರ್ಸ್ ಅಂಕಲ್ ಬಂದಿದಾರೆ," ಎಂದು ಒಳಗೆ ಕೂಗಿ, ತನ್ನ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ವಿಜಯಮ್ಮ ನೀರು ತಂದಿಟ್ಟಳು. ಹೊರಗೆ ಜೂನ್ ಬಿಸಿಲಿಗೆ ಆಕಾಶ ಬೂದಿಯ ಬಣ್ಣವಾಗಿತ್ತು. ಕೂಲರ್ ಸದ್ದಿನಲ್ಲಿ ಮಾತು ಕೇಳಿಸದೆಂದು ಅದನ್ನು ಆರಿಸಿ ಬಂದು ಎದುರಿಗೆ ಕೂತಳು.

"ಅವನು ಹಾಗಂದ ಅಂತ ಎಲ್ಲರೂ ಹೇಳ್ತಾರೆ," ಅಂದಳು. "ನಂಗೆ ನಂಬಿಕೆ ಬರ್ತಿಲ್ಲ. ಅವನು ಚಿಕ್ಕವನಿದ್ದಾಗ ಒಂದು ಇಂಜೆಕ್ಷನ್‌ಗೆ ಇಡೀ ಆಸ್ಪತ್ರೆ ಸುತ್ತಿಸ್ತಿದ್ದ. ಅವನಿಗೆ ಬದುಕೋ ಆಸೆ ಬಹಳ ಇತ್ತು. ಹೆತ್ತೋಳಿಗೆ ಗೊತ್ತಾಗಲ್ವಾ? ನಿಜ ಹೇಳಿ."

"ಬೇಡಮ್ಮ."

"ನೀವು ಬೇಡ ಅಂದ್ರಲ್ಲ, ಅಲ್ಲಿಗೆ ಅದು ಸುಳ್ಳು ಅಂತಾಯ್ತು. ಇನ್ನು ಉಳಿದಿದ್ದೂ ಹೇಳಿಬಿಡಿ."

ಅಯ್ಯಣ್ಣ ಹೇಳಿದ. ಎಂಜಿನ್ ಬಗ್ಗೆ, ಅರ್ಧ ಸಲೈನ್ ಬಗ್ಗೆ, ತೆಗೀಬೇಡಿ ಅಣ್ಣಾ ಎಂದದ್ದು, ಕೊಳವೆ ಹಿಡಿದ ಬೆರಳುಗಳು. ಹೇಳುವಾಗ ಅವನು ನೆಲ ನೋಡುತ್ತಿದ್ದ. ಹೇಳಿ ಮುಗಿಸಿ ತಲೆಯೆತ್ತಿದಾಗ ವಿಜಯಮ್ಮ ಅಳುತ್ತಿರಲಿಲ್ಲ.

"ನೀವೇ ತೆಗೆದ್ರಾ? ನಿಮ್ಮ ಕೈಯಿಂದಲೇ?"

"ಹೌದಮ್ಮ."

"ಆ ಇನ್ನೊಬ್ಬ ಹುಡುಗ?"

"ಉಳೀಲಿಲ್ಲ."

ಆಕೆ ಸೆರಗಿನಿಂದ ಟೀಪಾಯಿಯ ಮೇಲಿನ ಧೂಳು ಒರೆಸಿದಳು. ಅಲ್ಲಿ ಧೂಳಿರಲಿಲ್ಲ. ಆಮೇಲೆ, "ನಮ್ಮನೆಯವರ ಹತ್ರ ಹೇಳಬೇಡಿ," ಅಂದಳು. "ಅವರು ಆ ಮಾತಿನ ಮೇಲೇ ನಿಂತಿದಾರೆ. ಅದೂ ಇಲ್ಲ ಅಂದ್ರೆ ನೆಲ ಹಿಡೀತಾರೆ."

ಆಗಸ್ಟ್‌ನಲ್ಲಿ ಶಂಕರಪ್ಪನವರೇ ಫೋನ್ ಮಾಡಿದರು. ಅಪಾರ್ಟ್‌ಮೆಂಟಿನ ಪಾರ್ಕಿಗೆ ಶ್ರೇಯಸ್ ಹೆಸರಿಡುತ್ತಾರಂತೆ, ಅಯ್ಯಣ್ಣ ಬಂದು ಎರಡು ಮಾತಾಡಬೇಕಂತೆ. ಬರಲಾಗದೆಂದು ಹೇಳಲು ಅವನಿಗೆ ಕಾರಣ ಸಿಗಲಿಲ್ಲ. ಶಾಮಿಯಾನದ ಕೆಳಗೆ ಸುಮಾರು ಇನ್ನೂರು ಜನರಿದ್ದರು. ಅಯ್ಯಣ್ಣ ಯೂನಿಫಾರ್ಮಿನಲ್ಲಿ ನಿಂತು, ವರದಿಯಲ್ಲಿದ್ದದ್ದನ್ನು ಹಿಂದಿಯಲ್ಲಿ ಒಪ್ಪಿಸಿದ. ಹಿಂದಿಯಲ್ಲಿ ಹೇಳುವುದು ಅಷ್ಟೇನೂ ಕಷ್ಟವಾಗಲಿಲ್ಲ. ಅದು ಬೇರೆ ಯಾರದೋ ಕತೆಯ ಹಾಗಿತ್ತು. ಜನ ಚಪ್ಪಾಳೆ ತಟ್ಟಿದರು. ಕೆಳಗಿಳಿಯುವಷ್ಟರಲ್ಲಿ ಶಂಕರಪ್ಪ ಬಂದು ತೋಳು ಹಿಡಿದುಕೊಂಡರು.

"ದಾವಣಗೆರೆಯಿಂದ ನಮ್ಮಣ್ಣನ ಮನೆಯವರೆಲ್ಲ ಬಂದಿದಾರೆ. ಅವರಿಗೆ ಹಿಂದಿ ಗೊತ್ತಾಗಲ್ಲ. ಆ ಒಂದು ಮಾತು ಕನ್ನಡದಲ್ಲಿ ಹೇಳಿಬಿಡಿ. ಅವನು ಹೇಗೆ ಹೇಳಿದ್ನೋ ಹಾಗೇ."

ಮುಂದಿನ ಸಾಲಿನಲ್ಲಿ ವಿಜಯಮ್ಮ ಕೂತಿದ್ದಳು. ಅಯ್ಯಣ್ಣ ಮೈಕಿನ ಮುಂದೆ ನಿಂತ. ಬಾಯಿ ತೆರೆದರೆ ನಿಜವಾದ ಮಾತೇ ಹೊರಬಂದುಬಿಡುವಂತಿತ್ತು; ಕನ್ನಡದಲ್ಲಿ ಅವನ ಕಿವಿಯೊಳಗೆ ಇದ್ದದ್ದು ಅದೊಂದೇ. "ಅಣ್ಣಾ," ಅಂದು ನಿಂತ. ಶಂಕರಪ್ಪ ಕಣ್ಣಲ್ಲಿ ನೀರು ತುಂಬಿಕೊಂಡು ತಲೆಯಾಡಿಸುತ್ತಿದ್ದರು. "ಅಣ್ಣಾ, ಅವನಿಗೆ ಮೊದಲು ಕೊಡಿ, ಅಂದರು," ಎಂದು ಮುಗಿಸಿದ. ಊರಿನ ಹೆಂಗಸರು ಬಿಕ್ಕಿ ಅತ್ತರು. ವಿಜಯಮ್ಮ ತನ್ನ ಮಡಿಲಲ್ಲಿದ್ದ ಹೂವಿನ ಹಾರವನ್ನು ನೋಡುತ್ತ ಕೂತಿದ್ದಳು.

ಆ ಮುಂದಿನ ಭಾನುವಾರದಿಂದ ಆಕೆಯ ಫೋನ್ ಶುರುವಾಯಿತು. ಗಂಡ ವಾಕಿಂಗ್ ಮುಗಿಸಿ ತರಕಾರಿಗೆ ಹೋಗುವ ಸಮಯ, ಬೆಳಿಗ್ಗೆ ಹನ್ನೊಂದು. ಕುಶಲ ವಿಚಾರಿಸುತ್ತಿರಲಿಲ್ಲ. ಒಂದೇ ಪ್ರಶ್ನೆ ಕೇಳಿ ಇಟ್ಟುಬಿಡುತ್ತಿದ್ದಳು. ಅವನಿಗೆ ಚಳಿ ಆಗ್ತಿತ್ತಾ? ತಲೆಗೆ ಟೋಪಿ ಇತ್ತಾ? ಕಾಲು ನೋವು ಅಂದ್ನಾ? ನನ್ನ ಹೆಸರು ಎಷ್ಟು ಸಲ ಹೇಳಿದ? ಅಯ್ಯಣ್ಣ ಎಲ್ಲಕ್ಕೂ ಇದ್ದದ್ದು ಇದ್ದ ಹಾಗೆ ಉತ್ತರ ಕೊಟ್ಟ. ಇನ್ನೊಂದು ಸುಳ್ಳು ಹೇಳುವ ಶಕ್ತಿ ಅವನಲ್ಲಿ ಉಳಿದಿರಲಿಲ್ಲ. ಅವಳ ಫೋನ್ ಬಂದ ದಿನ ಅವನಿಗೆ ಊಟ ಸೇರುತ್ತಿರಲಿಲ್ಲ. ಮಾಚಮ್ಮ ಒಮ್ಮೆ, "ಎತ್ತಬೇಡಿ," ಎಂದಳು. "ಬೇರೆ ಯಾರನ್ನು ಕೇಳ್ತಾರೆ ಅವರು?" ಎಂದ ಅಯ್ಯಣ್ಣ.

ಅಕ್ಟೋಬರ್ ಕೊನೆಯ ಭಾನುವಾರ. ಹೊಗೆ ಕವಿದು ಎದುರಿನ ಕ್ವಾರ್ಟರ್ಸ್ ಕೂಡ ಮಸುಕಾಗಿತ್ತು.

"ಒಂದು ಕೇಳೋದು ಉಳಿದಿದೆ," ಅಂದಳು ವಿಜಯಮ್ಮ. "ಹೆಲಿಕಾಪ್ಟರ್ ಮಾರನೇ ದಿನ ತಾನೇ ಬಂದಿದ್ದು?"

ಹೌದು ಎಂಬ ಒಂದು ಪದ ಸಾಕಿತ್ತು. ಅಯ್ಯಣ್ಣನಿಗೆ ಅದು ಬಾಯಿಗೂ ಬಂದಿತ್ತು.

"ಅಲ್ಲಮ್ಮ. ಅದೇ ದಿನ. ಒಂದೂವರೆಗೆ."

"ಅವನು ಹೋಗಿದ್ದು?"

"ಹನ್ನೆರಡೂ ಮುಕ್ಕಾಲು."

ಆ ಕಡೆ ಕುಕ್ಕರ್ ಕೂಗಿತು. ಆಕೆ ಒಲೆ ಆರಿಸಿದ ಸದ್ದು ಕೇಳಿಸಿತು.

"ಆ ಸಲೈನ್ ಅವನ ಕೈಯಲ್ಲೇ ಇದ್ದಿದ್ರೆ ಮುಕ್ಕಾಲು ಗಂಟೆ ತಡೀತಿದ್ನಾ?"

"ತಡೀತಿದ್ರೇನೋ. ಆಮೇಲೆ ಉಳೀತಿದ್ರಾ ಇಲ್ವಾ, ಅದು ಯಾರಿಗೂ ಹೇಳೋಕಾಗಲ್ಲ. ನಾಳೆ ಬೆಳಿಗ್ಗೆ ಅಂತ ಹೇಳಿದ್ರು ನಂಗೆ. ನಾನು ಅದನ್ನ ನಂಬಿ…"

"ಸರಿ," ಎಂದಳು ಆಕೆ. ಅಷ್ಟರಲ್ಲಿ ಹಿಂದಿನಿಂದ ಶಂಕರಪ್ಪನವರ ದನಿ ಕೇಳಿಸಿತು: "ಯಾರದ್ದೇ ಫೋನು?"

"ರಾಂಗ್ ನಂಬರ್ ರೀ," ಎಂದಳು ವಿಜಯಮ್ಮ. ಲೈನ್ ಕಟ್ಟಾಯಿತು.

ಮುಂದಿನ ಭಾನುವಾರ ಫೋನ್ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಬರಲಿಲ್ಲ. ದೀಪಾವಳಿ ಕಳೆದ ಮೇಲೆ ಅಯ್ಯಣ್ಣ ತಾನೇ ಒಮ್ಮೆ ಮಾಡಿದ. ಅನನ್ಯಾ ಎತ್ತಿದಳು. "ಅಂಕಲ್, ಅಮ್ಮ… ಅವರು ಮಾತಾಡಲ್ಲ ಅಂತಿದಾರೆ. ಸಾರಿ," ಅಂದಳು. ಅವಳಿಗೆ ಏನೂ ಗೊತ್ತಿರಲಿಲ್ಲ.

ಹಾರುವವರ ಪಟ್ಟಿಯಿಂದ ತನ್ನನ್ನು ತೆಗೆಯಿರೆಂದು ಅವನು ಅರ್ಜಿ ಬರೆದುಕೊಟ್ಟ. ಅಧಿಕಾರಿ ಓದಿ, ಚಳಿಗಾಲ ಮುಗಿಯಲಿ, ಅಷ್ಟು ಎತ್ತರದಲ್ಲಿ ಹಾರಿದ ಅನುಭವ ಇರುವವರು ಸದ್ಯ ನೀನು ಮತ್ತು ರಾವತ್ ಇಬ್ಬರೇ, ಅಂದರು. ಡಿಸೆಂಬರ್ ಎರಡನೆಯ ವಾರ ಒಂದು ಕರೆ ಬಂತು: ಹಿಮಪಾತದಲ್ಲಿ ಸಿಕ್ಕಿಬಿದ್ದ ಗಸ್ತಿನ ತುಕಡಿ, ಏಳು ಜನ, ಬದುಕಿರುವವರು ಎಷ್ಟೆಂದು ತಿಳಿದಿಲ್ಲ. ಅಯ್ಯಣ್ಣ ಆಮ್ಲಜನಕದ ಮುಖವಾಡ ಕಟ್ಟಿಕೊಂಡು ವಿಮಾನದ ಹಿಂಬಾಗಿಲ ಬಳಿ ರಾವತ್ ಪಕ್ಕ ನಿಂತ. ಕೆಳಗೆ ಬಿಳಿ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಯಾರೂ ಬದುಕಿರದಿದ್ದರೆ ಸಾಕು ಎಂಬ ಆಸೆ ಅವನೊಳಗೆ ಹುಟ್ಟಿತು. ಹದಿಮೂರು ವರ್ಷದಲ್ಲಿ ಅಂಥ ಆಸೆ ಬಂದದ್ದು ಅದೇ ಮೊದಲು. ಹಾರುವ ಸೂಚನೆಯ ಹಸಿರು ದೀಪ ಹತ್ತಿತು. ಅವನು ಹಾರಿದ.