ಬಾಣಲೆ ಕಾಣದ ಮಸಾಲೆ

ಅಂದು ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಎದುರಿನ ದರ್ಜಿಯ ಅಂಗಡಿ ಇದೆಯೋ ಇಲ್ಲವೋ ಎಂಬುದನ್ನು ಹೊಲಿಗೆ ಯಂತ್ರದ ಸದ್ದಿನಿಂದಲೇ ತಿಳಿಯಬೇಕಿತ್ತು. ಕಬಾಬಿನ ಅಂಗಡಿಯ ಹಿಂದಿನ ಕೋಣೆಯಲ್ಲಿ ಕಿರಿಯ ಸೊಸೆ ಕೊತ್ತಂಬರಿ ಬೀಜ ಕೇರುತ್ತಾ, ದೇವರನ್ನು ನೆನೆಯುತ್ತಾ ಕೂತಿದ್ದಳು. ನೆನೆಯದೆ ಇನ್ನೇನು ಮಾಡಿಯಾಳು? ಈಚೆಗೆ ಕಬಾಬು ಕಹಿಯೆಂದು ಗಿರಾಕಿಗಳು ಮುಖ ತಿರುಗಿಸಿದ್ದರು. ಇವತ್ತೂ ಕಹಿಯಾದರೆ ನಾಳೆಯಿಂದ ಪೊಟ್ಟಣದ ಮಸಾಲೆಯೇ ಗತಿಯೆಂದು ಮಾವ ಹೇಳಿಬಿಟ್ಟಿದ್ದರು. ಮದುವೆಯಾಗಿ ಬಂದಂದಿನಿಂದ ಮಸಾಲೆ ಕುಟ್ಟುವ ಒರಳೇ ಅವಳ ಸಿಂಹಾಸನ. ಅದೂ ಕೈತಪ್ಪುವ ಹೊತ್ತು ಬಂದಿತ್ತು.

"ನಿನ್ನ ಕೈಯೇ ಹಾಗಲಕಾಯಿ ಕಣಮ್ಮ," ಎಂದ ಭಾವ, ಕಬಾಬಿನ ಒಲೆಗೆ ಇದ್ದಿಲು ಸುರಿಯುತ್ತಾ.

ಅವಳು ಮೊರ ಕೊಡವಿದಳು. ಬೇಗ ಬೇಯಲೆಂದು ಅವನು ಈಚೆಗೆ ಒಲೆಯ ತಳ ಎತ್ತರಿಸಿ, ಕೆಂಡವನ್ನು ಮಾಂಸದ ಹತ್ತಿರಕ್ಕೆ ತಂದದ್ದು ಅವಳ ಮನಸ್ಸನ್ನು ಕೊರೆಯುತ್ತಲೇ ಇತ್ತು.

ಮುಂಬಾಗಿಲಲ್ಲಿ ಮಾವ ದರ್ಜಿಗೆ ಮಾಮೂಲಿ ಕತೆ ಬಿಚ್ಚಿದ್ದರು. "ಕಬಾಬು ಹುಟ್ಟಿದ್ದು ಅಡುಗೆಮನೇಲಲ್ಲಪ್ಪ, ದಂಡಿನಲ್ಲಿ. ಸಿಪಾಯಿಗಳು ಕತ್ತಿಗೆ ಮಾಂಸ ಚುಚ್ಚಿ, ಉಪ್ಪೂ ಸೊಪ್ಪೂ ಸವರಿ ಬೆಂಕಿಗೆ ಹಿಡಿದ್ರು..."

ಸೊಸೆಯ ಕೈ ನಿಂತಿತು.

"ಮಾವ, ಆ ಸಿಪಾಯಿಗಳ ಹತ್ರ ಬಾಣಲೆ ಇತ್ತಾ?"

"ಯುದ್ಧಕ್ಕೆ ಯಾರಾದ್ರೂ ಬಾಣಲೆ ಹೊತ್ಕೊಂಡು ಹೋಗ್ತಾರೇನಮ್ಮ?"

"ಮತ್ತೆ ನಾವ್ಯಾಕೆ ಮಸಾಲೆ ಹುರಿದು ಕುಟ್ಟಬೇಕು? ಸಾರಿಗಾದ್ರೆ ಸರಿ. ಇಲ್ಲಿ ಹುರಿಯೋ ಕೆಲಸ ಕೆಂಡದ್ದು. ಹುರಿದದ್ದನ್ನೇ ಮತ್ತೆ ಅಷ್ಟು ಹತ್ತಿರದ ಕೆಂಡಕ್ಕೆ ಹಿಡಿದ್ರೆ ಸೀದುಹೋಗ್ದೆ ಇರತ್ತಾ?"

"ಹಸಿ ಮಸಾಲೆ ಮೇಯೋಕೆ ಜನ ಏನು ದನಗಳಾ?" ಭಾವ ನಕ್ಕ.

ಮಾವ ನಗಲಿಲ್ಲ. "ಒಂದು ದಿನ ಅವಳು ಹೇಳಿದ ಹಾಗೇ ಆಗ್ಲಿ. ಕೆಟ್ರೆ ಪೊಟ್ಟಣ ಇದ್ದೇ ಇದೆ."

ಮಂಜಿಗೆ ಮೆತ್ತಗಾದ ಕೊತ್ತಂಬರಿ, ಜೀರಿಗೆ ಸುಲಭಕ್ಕೆ ಜಗ್ಗಲಿಲ್ಲ. ಅವಳೂ ಜಗ್ಗಲಿಲ್ಲ. ಮೆಣಸು, ಲವಂಗ ಸೇರಿಸಿ ತರಿತರಿಯಾಗಿ ಕುಟ್ಟಿ, ಮೊಸರು, ಬೆಳ್ಳುಳ್ಳಿಯೊಡನೆ ಮಾಂಸಕ್ಕೆ ತಿಕ್ಕಿ, ತಟ್ಟೆ ಮುಚ್ಚಿ ಕೈಮುಗಿದಳು.

ಸಂಜೆ ಕೆಂಡದ ಮೇಲೆ ಮಸಾಲೆ ಅರಳಿತು. ಆ ಪರಿಮಳ ಯಾರ ಅಪ್ಪಣೆಯನ್ನೂ ಕೇಳದೆ ಬೀದಿ ದಾಟಿತು. ಮೊದಲು ಬಂದ ದರ್ಜಿ ಕಚ್ಚಿದ, ಅಗಿದ, ಏನೂ ಹೇಳದೆ ಇನ್ನೊಂದಕ್ಕೆ ಕೈಚಾಚಿದ.

"ಏನಯ್ಯಾ, ಬಾಯಿಗೇ ಹೊಲಿಗೆ ಹಾಕ್ಕೊಂಡ್ಯಾ?" ಎಂದರು ಮಾವ.

"ಚೆನ್ನಾಗಿದೆ ಅಂದ್ರೆ ಇವರೆಲ್ಲ ಖಾಲಿ ಮಾಡ್ತಾರೆ. ಸುಮ್ನಿರಿ."

ಆದರೆ ಯಾರೂ ಹೇಳಬೇಕಾಗಿರಲಿಲ್ಲ. ಮುನಿಸಿಕೊಂಡು ಹೋದವರೆಲ್ಲ ಮೂಗು ಹಿಡಿದೆಳೆದಂತೆ ಬಂದರು. ಬೀಸಣಿಗೆ ಬೀಸಿ ಬೀಸಿ ಭಾವನ ತೋಳು ಸೋತಿತು. ಮಾವ ಕತೆಯನ್ನು ಹಿಗ್ಗಿ ಹಿಗ್ಗಿ ಹೇಳಿದರು. ಈ ಸಲ ಸಿಪಾಯಿಗಳು ಎರಡೇ ಮಾತಿನಲ್ಲಿ ಮುಗಿದು, ಮಿಕ್ಕಿದ್ದೆಲ್ಲ ಸೊಸೆಯದೇ ಆಯಿತು. ಒಳಗೆ ಅವಳು ನಾಳೆಗೆಂದು ಆಗಲೇ ಜೀರಿಗೆ ಅಳೆಯುತ್ತಿದ್ದಳು.

ದಿನದ ಕೊನೆಯ ಕಂಬಿ ಕಬಾಬು ಮಸಾಲೆ ಕುಟ್ಟಿದವರಿಗೆ ಎಂಬುದು ಆ ಅಂಗಡಿಯ ಹಳೆಯ ವಾಡಿಕೆ. ಒಲೆಯ ಮುಂದೆ ನಿಂತ ಸಲಿಗೆಯಿಂದ ಭಾವನೇ ಇಷ್ಟು ವರ್ಷ ಅದನ್ನು ತಿಂದು ಕೈ ತೊಳೆಯುತ್ತಿದ್ದ. ಆ ಸಂಜೆ ಅವನು ಆ ಕಂಬಿಯ ಬಿಸಿ ತುಂಡುಗಳನ್ನು ತಟ್ಟೆಗೆ ಬಿಡಿಸಿಕೊಂಡು ಒಳಬಂದ. ಅವಳ ಮುಂದಿಟ್ಟು, ತಲೆ ತಗ್ಗಿಸಿ ಹೊರಗೆ ಹೋದ.