ಶಾಲು ಹೊದಿಸಿದ ತಪ್ಪಿಗೆ

ಅರಕಲಗೂಡಿನಲ್ಲಿ ಸೆಮಿಫೈನಲ್ ಗೆದ್ದು ಬಂದ ವಾಲ್ಡಿರ್, ನೇರ ಮಹಡಿ ಹತ್ತಿ ಸೂಟ್‌ಕೇಸ್ ತುಂಬತೊಡಗಿದ. ಕೊರಳಲ್ಲಿ ಸುಗಂಧರಾಜದ ಹಾರ, ತಲೆಗೆ ಮೈಸೂರು ಪೇಟ, ಹೆಗಲಿಗೆ ಶಾಲು. ಮುಖ ಮಾತ್ರ ಸಾವಿನ ಮನೆಯಿಂದ ಬಂದವನ ಹಾಗಿತ್ತು.

ಅವನು ಬ್ರೆಜಿಲ್‌ನವನು, ಹೊಳೆನರಸೀಪುರದ ನಮ್ಮ ಫುಟ್‌ಬಾಲ್ ಕ್ಲಬ್ಬಿಗೆ ಕೋಚ್. ಒಂಬತ್ತು ತಿಂಗಳಿಂದ ನನ್ನ ಮಹಡಿಯ ಕೋಣೆಯಲ್ಲಿದ್ದಾನೆ. ನೆಟ್ಟಗೆ ನಿಂತರೆ ಫ್ಯಾನ್ ತಲೆಗೆ ಬಡಿಯುತ್ತದೆ. ಊಟಕ್ಕೆ ಕುಳಿತರೆ ಒಂದು ಬೀದಿಗಾಗುವಷ್ಟು ಮುದ್ದೆ ಬೇಕು. ಕನ್ನಡ ನನ್ನಿಂದಲೇ ಕಲಿತದ್ದರಿಂದ ಬೈಗುಳ ಚೆನ್ನಾಗಿ ಬರುತ್ತದೆ.

"ಏನಪ್ಪ, ಗೆದ್ಬುಟ್ಟು ಬಂದು ಗಂಟು ಕಟ್ತಾ ಇದ್ದೀಯ?"

"ಕೆಲ್ಸ ಓಯ್ತು ಅವ್ವ. ಅಧ್ಯಕ್ಷ ಕಳಿಸ್ಬುಟ್ಟ."

"ಅಂಗಂತ ಏಳುದ್ನಾ?"

"ಏಳಿಲ್ಲ. ಹೂವು ಹಾಕ್ದ."

ಫೋನಿನಲ್ಲಿ ಹಿಂದಿನ ಕ್ಲಬ್ಬುಗಳ ಫೋಟೋ ತೋರಿಸಿದ. ಬ್ರೆಜಿಲ್‌ನಲ್ಲೇ ಏಳು ಕ್ಲಬ್, ಆಮೇಲೆ ಮಸ್ಕತ್, ಮಾಲ್ಡೀವ್ಸ್, ಗೋವಾ. ನಮ್ಮ ಹಾಸನದ ಬಸ್ಸೂ ಅಷ್ಟು ಕಡೆ ನಿಲ್ಲುವುದಿಲ್ಲ. ಪ್ರತಿ ಕ್ಲಬ್ಬಿನ ಕೊನೆಯ ದಿನವೂ ಒಬ್ಬ ಅಧ್ಯಕ್ಷ ಹೂಗುಚ್ಛ ಕೊಟ್ಟು, ಇವನನ್ನು ತಬ್ಬಿ, ಹಲ್ಲು ಕಿರಿದು ನಿಂತಿದ್ದಾನೆ. ಮಾರನೇ ದಿನ ಇವನ ಜಾಗಕ್ಕೆ ಬೇರೊಬ್ಬ.

"ನಮ್ಮೋರು ಬಂದೋರ್ಗೂ ಶಾಲು ಹೊದಿಸ್ತಾರೆ, ಓಗೋರ್ಗೂ ಹೊದಿಸ್ತಾರೆ ಕಣಪ್ಪ. ಓದ್ ವಾರ ಬೋರ್‌ವೆಲ್ ರಿಪೇರಿ ಮಾಡ್ದೋನ್ಗೂ ಹೊದಿಸವ್ರೆ."

ನಂಬಲಿಲ್ಲ. ಅಂಗಿ ಮಡಿಸುತ್ತಲೇ ಇದ್ದ. ಇನ್ನು ನಾಲ್ಕು ದಿನಕ್ಕೆ ಚನ್ನರಾಯಪಟ್ಟಣದಲ್ಲಿ ಫೈನಲ್. ಐವತ್ತೆಂಟು ವರ್ಷದವನನ್ನು ಇನ್ನು ಯಾವ ಕ್ಲಬ್ ಕರೆಯುತ್ತದೆ? ರೇಗಿ ಹೋಗಿ ಅಧ್ಯಕ್ಷ ಷಡಕ್ಷರಿಗೆ ಫೋನ್ ಮಾಡಿದೆ.

"ನಿನ್ ಕೋಚು ಸೂಟ್‌ಕೇಸ್ ಕಟ್ತಾವ್ನೆ. ಬೇಗ ಬಾ."

ಅವನು ಬಂದದ್ದು ಮುಕ್ಕಾಲು ಗಂಟೆಯ ಮೇಲೆ. ಅಷ್ಟರಲ್ಲಿ ನನಗೆ ಇನ್ನೆರಡು ವರ್ಷ ವಯಸ್ಸಾಯಿತು.

"ಯಾಕ್ಲಾ ಇಷ್ಟೊತ್ತು?"

"ಗೋವಾದೋರು ಮತ್ತೆ ಕರ್ದವ್ರೆ, ಅದಕ್ಕೇ ಓಯ್ತಾವ್ರೆ ಅಂದ್ಕೊಂಡೆ ಸಣ್ಣಕ್ಕ. ಫೈನಲ್ಗೆ ಯಾರಾದ್ರೂ ಬೇಕಲ್ಲ. ಹಾಸನದ ಕೋಚು ಮೋಹನ್‌ಕುಮಾರ್ನ ಮಾತಾಡಿಸ್ಬುಟ್ಟು ಬಂದೆ."

ನಾನು ಹಣೆ ಚಚ್ಚಿಕೊಂಡೆ. ವಾಲ್ಡಿರ್ ನನ್ನ ಕಡೆ ನೋಡಿದ. ನಾನು ಹೇಳಿದ್ದೇ ಸರಿ, ನೋಡಿದೆಯಾ ಎನ್ನುವ ನೋಟ. ನಾನು ಷಡಕ್ಷರಿಯ ಕಡೆ ತಿರುಗಿದೆ.

"ಶಾಲು ಯಾಕ್ ಹೊದಿಸ್ದೆ?"

"ಖುಷಿಗೆ."

"ಫೈನಲ್ ಸೋತ್ರೆ?"

ಷಡಕ್ಷರಿ ಚಪ್ಪಲಿ ನೋಡಿಕೊಂಡ. "ಕಮಿಟೀನ ಕೇಳ್ಬೇಕು."

"ಕಮಿಟಿ ಅಂದ್ರೆ ನೀನು, ನಿನ್ ಭಾಮೈದ. ಇವನು ಬ್ಯಾಗು ಕಟ್ಟಾಕೆ ನೀನೇ ಕಾರಣ ಕಣ್ಲಾ. ಸೋತ್ರೂ ಒಂದ್ ವರ್ಷ ಇವನೇ ಅಂತ ಬರ್ಕೊಡು. ಇಲ್ದಿದ್ರೆ ನಾಳಿಂದ ನಿನ್ ಟೀಮ್ ಹುಡುಗ್ರಿಗೆ ನನ್ ಮನೇಲಿ ಊಟ ಇರ್ಲಿ, ಒಂದ್ ಲೋಟ ನೀರೂ ಇಲ್ಲ."

ಬೈದುಕೊಂಡೇ ಬರೆದ. ಸಹಿ ಹಾಕಿದ. ಮೋಹನ್‌ಕುಮಾರ್‌ಗೆ ನನ್ನೆದುರೇ ಫೋನ್ ಮಾಡಿ ಬೇಡವೆಂದ. ಎಷ್ಟು ಬೈಸಿಕೊಂಡನೋ, ಕಿವಿ ಕೆಂಪಾಗಿತ್ತು.

ವಾಲ್ಡಿರ್ ಆ ಕಾಗದವನ್ನು ಫೋನಿಗೆ ಹಿಡಿದು ತನ್ನ ಭಾಷೆಯಲ್ಲಿ ಎರಡು ಸಲ ಓದಿಸಿಕೊಂಡ. ಆಮೇಲೆ ಸೂಟ್‌ಕೇಸ್ ತೆರೆದು ಬೂಟು, ವಿಷಲ್ ಹೊರಗಿಟ್ಟು ಮತ್ತೆ ಜಿಪ್ ಎಳೆದ.

"ಬಟ್ಟೆ ತಗೀಲಿಲ್ವೇನಪ್ಪ?"

"ಫೈನಲ್ ಆಗ್ಲಿ ಅವ್ವ."