ಒಂದು ಗಂಟೆ ಹತ್ತು ನಿಮಿಷದ ದಾರಿ

ಅಣ್ಣನನ್ನು ಮನೆಯಲ್ಲಿ ಎಲ್ಲರೂ ದೊರೆ ಎಂದೇ ಕರೆಯುತ್ತಿದ್ದರು. ಟೈಲ್ಸ್ ಕಂಪನಿಯೊಂದರಲ್ಲಿ ದೊಡ್ಡ ಹುದ್ದೆ, ಬೇರೆ ಊರಿನಲ್ಲಿ ವಾಸ. ಅವನಿದ್ದ ಊರಿಗೆ ರೈಲಿನಲ್ಲಾದರೆ ಒಂದು ಹಗಲು, ಒಂದು ರಾತ್ರಿ. ವಿಮಾನದಲ್ಲಾದರೆ ಒಂದು ಗಂಟೆ ಹತ್ತು ನಿಮಿಷ. ಅಮ್ಮ ಹಾಸಿಗೆ ಹಿಡಿದ ಮೇಲೆ ತಂಗಿ ಫೋನ್ ಮಾಡಿದಾಗಲೆಲ್ಲ ಅವನು ಇದನ್ನೇ ಒಪ್ಪಿಸುತ್ತಿದ್ದ.

"ಯಾಕೆ ಗಾಬರಿ ಆಗ್ತೀಯ ಪುಟ್ಟಿ? ನಾನೇನು ಸಮುದ್ರದಾಚೆ ಇದೀನಾ? ನೀನು ಹೂಂ ಅಂದ್ರೆ ಊಟದ ಹೊತ್ತಿಗೆ ಅಲ್ಲಿರ್ತೀನಿ."

ಹೂಂ ಅಂದು ಅಂದು ಅವಳ ಬಾಯಿ ಸೋತಿತ್ತು. ಒಮ್ಮೆ ಮೀಟಿಂಗ್ ಅಡ್ಡ ಬರುತ್ತಿತ್ತು, ಒಮ್ಮೆ ಅವನ ಸೊಂಟನೋವು.

ಕನ್ನಡಕದ ಅಂಗಡಿಯಲ್ಲಿ ದಿನವಿಡೀ ನಿಂತು ಬಂದು ಅವಳು ಅಮ್ಮನ ಮಗ್ಗುಲು ಬದಲಿಸುತ್ತಿದ್ದಳು, ಬೆನ್ನಿನ ಹುಣ್ಣು ಒರೆಸುತ್ತಿದ್ದಳು.

"ದೊರೆ ಹೊರಟನಾ?" ಎಂದು ಅಮ್ಮ ಗೋಡೆ ಕಡೆ ಮುಖ ಮಾಡಿಕೊಂಡೇ ಕೇಳುವಳು.

"ಹತ್ತಿರಾನೇ ಅಲ್ವಾಮ್ಮ. ಒಂದು ಗಂಟೆ ದಾರಿ. ಬರ್ತಾನೆ."

ಕೀವು ಒರೆಸುವಾಗ ಬಾರದ ಹೇಸಿಗೆ ಈ ಮಾತು ಆಡುವಾಗ ಬರುತ್ತಿತ್ತು.

ಒಂದು ಬೆಳಗ್ಗೆ ಅಮ್ಮ ಹೋದಳು. ಅಣ್ಣ ಮಧ್ಯಾಹ್ನಕ್ಕೆಲ್ಲ ಬಂದಿಳಿದ. ಮಣ್ಣು ಮಾಡಿ ಬಂದ ಮೇಲೆ ನಡುಮನೆಯಲ್ಲಿ ಕೂತು, ಮಾತಾಡಿಸಲು ಬಂದವರಿಗೆಲ್ಲ ಅದನ್ನೇ ಹೇಳಿದ: "ವಿಮಾನ ಹತ್ತಿದ್ದೂ ಗೊತ್ತಾಗ್ಲಿಲ್ಲ, ಇಳಿದಿದ್ದೂ ಗೊತ್ತಾಗ್ಲಿಲ್ಲ. ಅಲ್ಲಿಂದ ಮನೆಗೆ ಬರೋದಕ್ಕೇ ಜಾಸ್ತಿ ಹೊತ್ತು ಹಿಡೀತು ನೋಡಿ." ನಡುವೆ ಎದ್ದು ಅಮ್ಮನ ಕೋಣೆಗೆ ಹೋಗಿ, ಮೂಗು ಮುಚ್ಚಿಕೊಂಡು, ಹಾಸಿಗೆಯ ಮೇಲೆಲ್ಲ ತನ್ನ ಸೆಂಟು ಹೊಡೆದು ಬಂದ. "ಈ ವಾಸನೇಲಿ ಹೇಗಿದ್ಯೋ ಪುಟ್ಟಿ," ಎಂದ.

ಸಂಜೆ ಅವನ ಹಳೆಯ ಗೆಳೆಯ, ಕಟ್ಟಡದ ಕಂಟ್ರ್ಯಾಕ್ಟರ್, ಬಂದ. ಪಾಪದ ಮನುಷ್ಯ; ಬಾಗಿಲಲ್ಲೇ ಕಣ್ಣು ಒರೆಸಿಕೊಂಡ.

"ಹೋದ ತಿಂಗಳು ಸಿಕ್ಕಾಗ ಅಮ್ಮ ಆರಾಮು ಅಂದಿದ್ಯಲ್ಲೋ ದೊರೆ. ಎರಡು ದಿನ ಜೊತೇಲಿ ಊಟ ಮಾಡಿದ್ವಿ. ಒಂದು ಮಾತು ಹೇಳಿದ್ರೆ ನಾನೂ ಬಂದು ನೋಡ್ತಿದ್ದೆ."

"ಎಲ್ಲಿ ಸಿಕ್ಕಿದ್ರಿ?" ಎಂದು ತಂಗಿ ಕೇಳಿದಳು.

"ಇಲ್ಲೇಮ್ಮ, ನಿಮ್ಮ ಬೀದಿ ಕೊನೇಲಿರೋ ಹೋಟೆಲ್ಲಲ್ಲಿ. ಅಲ್ಲೇ ಇಳ್ಕೊಂಡಿದ್ದ."

ಬಂದವರಿಗೆ ನೀರು ಕೊಡುತ್ತಿದ್ದ ಚಿಕ್ಕಮ್ಮ, ಅಮ್ಮನ ತಂಗಿ, ಹಿಡಿದಿದ್ದ ಲೋಟ ಕೆಳಗಿಟ್ಟಳು. ಅಣ್ಣ ಗಂಟಲು ಸರಿಮಾಡಿಕೊಂಡ.

"ಕೆಲಸದ ಮೇಲೆ ಬಂದಿದ್ದೆ ಪುಟ್ಟಿ. ಅಮ್ಮನ್ನ ಆ ಸ್ಥಿತೀಲಿ ನೋಡೋಕೆ ನನ್ನ ಕೈಲಿ ಆಗ್ತಿರ್ಲಿಲ್ಲ. ನಂದು ಹೆಂಗರುಳು, ನಿಂಗೊತ್ತಲ್ಲ."

ಅವಳು ಅವನ ಹೊಳೆಯುವ ಕೆನ್ನೆ, ಒದ್ದೆ ತುಟಿ ನೋಡಿದಳು. ತಟ್ಟೆಯಲ್ಲಿ ಜಿರಲೆ ಕಂಡವಳಂತೆ ಹಿಂದೆ ಸರಿದಳು. ಒಳಗೆ ಹೋಗಿ ಅವನ ಬ್ಯಾಗು ತಂದು ಹೊಸಿಲಾಚೆ ಇಟ್ಟಳು.

"ಈ ರಾತ್ರಿನೂ ಅಲ್ಲೇ ಹೋಗಿ ಮಲ್ಕೋ."

"ಸಾವಿನ ಮನೇಲಿ ಜಗಳ ಬೇಡ ಕಣೆ," ಎಂದಳು ಚಿಕ್ಕಮ್ಮ.

"ಜಗಳ ಆಡೋಕೂ ಮನಸ್ಸಿಲ್ಲ ಚಿಕ್ಕಮ್ಮ. ಅವನು ಹೋದ್ರೆ ಸಾಕು."

ಅಣ್ಣ ಗೆಳೆಯನ ಮುಖ ನೋಡಿದ. ಗೆಳೆಯ ನೆಲ ನೋಡುತ್ತಿದ್ದ. ಕಡೆಗೆ ಅಣ್ಣ ಬ್ಯಾಗು ಎತ್ತಿಕೊಂಡು ಹೊರಟ.

ಅವಳು ಕೋಣೆಯ ಕಿಟಕಿ ತೆರೆದು ಹಾಸಿಗೆಯ ಮೇಲಿನ ಬಟ್ಟೆ ಎಳೆದಳು. ಸೆಂಟಿನ ಘಾಟು ಮುಖಕ್ಕೆ ರಾಚಿತು. ಅಮ್ಮನ ಮೈವಾಸನೆ ಒಂದಿಷ್ಟೂ ಉಳಿದಿರಲಿಲ್ಲ. ಬಚ್ಚಲಿಗೆ ಓಡಿ ಬಗ್ಗಿದಳು. ಬರಿಹೊಟ್ಟೆಯಿಂದ ಬಂದದ್ದು ಹಳದಿ ನೀರು ಮಾತ್ರ. ಚಿಕ್ಕಮ್ಮ ಹಿಂದೆಯೇ ಬಂದು ಅವಳ ಹಣೆ ಹಿಡಿದು ನಿಂತಳು.